ಥೂ ಮೇಸ್ತ್ರಿ ಮತ್ತು ಬಾಡಿಗೆಯ ಕೆಂಪು ದೀಪ

ಮಹಡಿಯಮ್ಮ ಥೂ ಮೇಸ್ತ್ರಿಯನ್ನು ಮೊದಲು ಕಂಡದ್ದು ಜಗಳ ಮಾಡಲೆಂದು ಮೆಟ್ಟಿಲಿಳಿದ ದಿನ. ಗಂಡ ತೀರಿಕೊಂಡ ಮೇಲೆ ಆಕೆ ಕಾರ್ ವರ್ಕ್‌ಶಾಪಿನ ಮೇಲಿದ್ದ ಎರಡು ಕೋಣೆಗೆ ಬಂದು ಸೇರಿಕೊಂಡಿದ್ದಳು. ಪಾತ್ರೆಯ ಮೂಟೆಯನ್ನೂ ಇನ್ನೂ ಬಿಚ್ಚಿರಲಿಲ್ಲ. ಅಡುಗೆಮನೆಯ ಕಿಟಕಿ ತೆರೆದರೆ ಸಾಕು, ಸತ್ತದ್ದೇನೋ ಕೊಳೆತ ನಾತ ಗಪ್ಪೆಂದು ಒಳಗೆ ನುಗ್ಗುತ್ತಿತ್ತು. ತನ್ನ ಬಚ್ಚಲ ಮೋರಿಯದೇ ಇರಬೇಕೆಂದು ಬಿಸಿನೀರು ಸುರಿದಳು. ಕಪಾಟು ಸರಿಸಿ ಹಿಂದೆ ನೋಡಿದಳು. ಕೊನೆಗೆ ಒದ್ದೆ ಬಟ್ಟೆಯನ್ನು ಮೂಗಿಗೊತ್ತಿಕೊಂಡು ಕೆಳಗಿಳಿದಳು.

ಅಲ್ಲೊಬ್ಬ ಮನುಷ್ಯ ಹಳೆಯ ಕಾರಿನ ಡಿಕ್ಕಿ ಎತ್ತಿ, ಹಿಂದಿನ ಕೆಂಪು ದೀಪವನ್ನು ಡಬ್ಬಿಯ ಸಮೇತ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಹಿ ಗುಳಿಗೆ ಗಂಟಲಲ್ಲಿ ಸಿಕ್ಕಿಕೊಂಡವನ ಮುಖ.

"ಏನಪ್ಪಾ ಇದು ನಾತ? ಮೇಲಿರೋ ಮನುಷ್ಯರು ಅನ್ನ ತಿನ್ನೋದು ಬೇಡ್ವಾ?"

"ಥೂ! ನನ್ನ ಕೇಳ್ತೀರಲ್ಲಮ್ಮಾ, ಈ ಕಾರಿನೋನ ಕೇಳಿ. ಒಂದು ಇಲಿ ಈ ದೀಪದೊಳಗೆ ಬಾಣಂತನ ಮಾಡ್ಕೊಂಡಿದೆ. ತಾಯಿ, ಮಕ್ಕಳು ಎಲ್ಲಾ ಇಲ್ಲೇ ಸತ್ತು ಬಿದ್ದಿವೆ. ಆ ಮಹಾರಾಯ ಇದನ್ನ ಬೆನ್ನಿಗೆ ಕಟ್ಕೊಂಡು ಹೆಂಡತಿ ಮಕ್ಕಳ ಜೊತೆ ಊರೆಲ್ಲಾ ತಿರುಗಿದಾನೆ. ನೋಡಿ, ನೋಡಿ, ಬಾಲ ಹೆಂಗೆ ಬಲ್ಬಿಗೆ ಸುತ್ಕೊಂಡಿದೆ!"

"ನನಗೆ ನೋಡೋದು ಬೇಡಪ್ಪಾ" ಎನ್ನುತ್ತಲೇ ಆಕೆ ಬಗ್ಗಿ ನೋಡಿದಳು. ನೋಡಿದ್ದಕ್ಕೆ ಆ ಹೊತ್ತಿನ ಊಟ ಬಿಟ್ಟಳು.

ಅವನು ಇಕ್ಕಳದಿಂದ ಒಂದೊಂದನ್ನೇ ಎತ್ತಿ ಕಾಗದದಲ್ಲಿ ಸುತ್ತಿದ. ಡಬ್ಬಿಯನ್ನು ಸೋಪಿನ ನೀರಲ್ಲಿ ಉಜ್ಜಿದ, ಆರಿಸಿದ, ಹೋಲ್ಡರಿನ ಹಸಿರು ಕಿಲುಬನ್ನು ಉಪ್ಪುಕಾಗದದಿಂದ ಕೆರೆದ, ಹೊಸ ಬಲ್ಬು ಹಾಕಿ ಸ್ಕ್ರೂ ಬಿಗಿದ. ಆಕೆ ಹೊರಟು ನಿಂತವಳು ಹೊರಡಲೇ ಇಲ್ಲ. ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡುವವರನ್ನು ನೋಡಿ ಬಹಳ ಕಾಲವಾಗಿತ್ತು.

"ಜಗಳಕ್ಕೆ ಬಂದಿದ್ದೀರಿ, ಆಮೇಲೆ ಆಡೋಣಂತೆ. ಅಷ್ಟರೊಳಗೆ ಒಂದು ಉಪಕಾರ ಮಾಡಿ. ನಾನು ಮುಂದೆ ಕೂತು ಬ್ರೇಕ್ ಒತ್ತುತೀನಿ, ಹಿಂದೆ ನಿಂತು ನೋಡಿ ಹೇಳಿ. ನನಗೇನು ಬೆನ್ನಲ್ಲಿ ಕಣ್ಣಿಲ್ಲವಲ್ಲ."

ಆಕೆ ಹಿಂದೆ ನಿಂತಳು. "ಹತ್ತಿತು" ಎಂದಳು. ಸ್ವಲ್ಪ ತಡೆದು, "ಎರಡೂ ಹತ್ತಿತು. ಆದ್ರೆ ಎಡಗಡೇದು ಸ್ವಲ್ಪ ಮಂಕು. ಅದರ ಜೊತೆಗೆ ಪಕ್ಕದ ಹಳದಿ ದೀಪಾನೂ ಮಿಣುಕ್ ಅಂತು. ಅದು ಅನ್ನಬೇಕಾ?" ಎಂದಳು.

ಮೇಸ್ತ್ರಿ ಕಾರಿನಿಂದ ತಲೆ ಹೊರಹಾಕಿ ಆಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಅನ್ನಬಾರದು. ಅರ್ತ್ ತಂತಿ ತುಕ್ಕು ಹಿಡಿದಿದೆ ಅಂತ ಅರ್ಥ. ಇಷ್ಟು ದಿನ ಎಲ್ಲಿದ್ರಮ್ಮಾ ನೀವು? ಇಲ್ಲಿ ಯಾರನ್ನ ನಿಲ್ಲಿಸಿದರೂ 'ಹೂಂ, ಹತ್ತಿತು, ನಡೀರಿ' ಅಂತಾರೆ."

ಅಂದಿನಿಂದ ಆಕೆ ಅವನ ಬೆನ್ನಿನ ಕಣ್ಣಾದಳು. "ಅಮ್ಮಾ, ಬಿಡುವಾ?" ಎಂದು ಕೆಳಗಿನಿಂದ ಕೂಗು ಬಂದರೆ ಒಲೆ ಸಣ್ಣಗೆ ಮಾಡಿ ಇಳಿಯುತ್ತಿದ್ದಳು.

ಥೂ ಮೇಸ್ತ್ರಿ ಎಂಬ ಹೆಸರು ಯಾರಿಟ್ಟದ್ದೋ. ಬಿಚ್ಚಿದ ಒಂದೊಂದು ದೀಪಕ್ಕೂ ಅವನು ಒಂದು ಥೂ ಹೇಳದೆ ಬಿಡುತ್ತಿರಲಿಲ್ಲ. ಕೆಂಪು ಗಾಜಿನೊಳಗೆ ನೀರು ನಿಂತು ಸೊಳ್ಳೆಮರಿ ಆಡುತ್ತಿದ್ದರೆ ಥೂ. ನೀರು ಇಳಿದುಹೋಗಲೆಂದು ಬುಡದಲ್ಲಿ ಬಿಟ್ಟ ಸಣ್ಣ ತೂತಿನಲ್ಲಿ ಕೆಸರು ಗಟ್ಟಿಯಾಗಿ ಕೂತಿದ್ದರೆ ಅದನ್ನು ಸೂಜಿಯಿಂದ ಚುಚ್ಚುತ್ತಾ ಥೂ. ಅಗಿದುಗಿದ ಚೂಯಿಂಗ್ ಗಮ್ಮಿನಿಂದ ಒಡಕು ಮುಚ್ಚಿಕೊಂಡು ಬಂದ ದೊಡ್ಡ ಕಾರೊಂದಿತ್ತು. ಅದಕ್ಕೆ ಮೂರು ಸಲ ಥೂ. ಒಂದೇ ಬಲ್ಬಿನೊಳಗೆ ಎರಡು ಎಳೆ ಇರುತ್ತವೆ, ಒಂದು ಸಂಜೆಯ ಮಂದ ಬೆಳಕಿಗೆ, ಇನ್ನೊಂದು ಬ್ರೇಕಿನ ಜೋರು ಬೆಳಕಿಗೆ. ತಿರುಗುಮುರುಗಾಗಬಾರದೆಂದೇ ಬುಡದ ಮೊಳೆಗಳನ್ನು ಒಂದು ಮೇಲೆ ಒಂದು ಕೆಳಗೆ ಮಾಡಿರುತ್ತಾರೆ. ಅದನ್ನೂ ಗುದ್ದಿ ಉಲ್ಟಾ ಕೂರಿಸಿಕೊಂಡು ಬರುವ ಶೂರರಿದ್ದರು. ಅವರ ಗಾಡಿ ಸುಮ್ಮನೆ ಹೋಗುವಾಗ ಉರಿಯುವುದು, ಬ್ರೇಕ್ ಒತ್ತಿದರೆ ಮಂಕಾಗುವುದು.

"ತಲೆಗೆ ಹಚ್ಚೋ ಎಣ್ಣೆ ಕಾಲಿಗೆ ಹಚ್ಚಿದಾರೆ" ಎಂದು ಮೇಸ್ತ್ರಿ ಗೊಣಗುತ್ತಿದ್ದ. "ಮುಂದಿನ ದೀಪ ಒರೆಸ್ತಾರಮ್ಮಾ, ಅದು ಅವರಿಗೆ ದಾರಿ ತೋರಿಸುತ್ತೆ. ಹಿಂದಿನದು ಬೇರೆಯವರಿಗೆ ತಾನೆ! ಬೇರೆಯವರು ಸತ್ತರೆ ಸಾಯಲಿ."

ಹೇಸಿಗೆಯ ಕೆಲಸ ಮಾಡುತ್ತಲೇ ಅವನು ಮೈಮೇಲೆ ಹೇಸಿಗೆ ಉಳಿಸಿಕೊಳ್ಳುತ್ತಿರಲಿಲ್ಲ. ಹೊರಗಿನ ನಲ್ಲಿಯ ಹತ್ತಿರ ಅವನದೇ ಸೋಪು, ಅವನದೇ ಉಗುರುಕಡ್ಡಿ. ಕೈ ತೊಳೆಯಲು ನಿಂತನೆಂದರೆ ಮದುವಣಗಿತ್ತಿ ಕೂಡ ಅಷ್ಟು ಹೊತ್ತು ತೆಗೆದುಕೊಳ್ಳಲಾರಳು. ಅದಕ್ಕೆ ಕಾರಣವೂ ಇತ್ತು. ವರ್ಕ್‌ಶಾಪು ಅವನ ಹೆಂಡತಿಯ ಅಣ್ಣನದು. ಬೇರೆ ಊರಿನಿಂದ ಕೆಲಸ ಹುಡುಕಿ ಬಂದವನು ಯಜಮಾನನ ತಂಗಿಯನ್ನೇ ಮದುವೆಯಾಗಿ, ಹಿಂದಿನ ಕೋಣೆಯಲ್ಲಿ ಮನೆಯಳಿಯನಾಗಿ ಉಳಿದುಬಿಟ್ಟಿದ್ದ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರು ಹೊಲಿಯುವವಳು; ಬಾಯಿ ಕಡಿಮೆ, ಕಣ್ಣು ಚುರುಕು. ಮದುವೆಯ ಮಾತು ಬಂದಾಗ, "ನಮ್ಮ ಮನೇಲಿ ಕೈ ತೊಳೆದು ಊಟಕ್ಕೆ ಕೂರೋ ಗಂಡಸು ಇವನೊಬ್ಬನೇ. ಮದುವೆ ಅಂತ ಆದ್ರೆ ಇವನನ್ನೇ ಆಗ್ತೀನಿ" ಎಂದಿದ್ದಳಂತೆ. ಇದನ್ನು ಮೇಸ್ತ್ರಿಯೇ ಹೇಳಿದ್ದು. ಹೇಳುವಾಗ ಎಂದೂ ನಗದ ಮುಖದಲ್ಲಿ ನಗು ಬಂದು ಹೋಯಿತು. ಆ ಒಂದು ಮಾತಿನ ಮೇಲೆ ಅವನು ಸಂಸಾರ ಕಟ್ಟಿಕೊಂಡಿದ್ದ. ಅವಳ ಕಣ್ಣಿನಲ್ಲಿ ತಾನೊಬ್ಬ ಚೊಕ್ಕ ಮನುಷ್ಯ. ಅವನಿಗೆ ಬೇಕಾದ ಆಸ್ತಿ ಅಷ್ಟೇ.

ಅವಳ ಅಣ್ಣನನ್ನು ನೋಡಿದರೆ ಆ ಮಾತಿನ ತೂಕ ತಿಳಿಯುತ್ತಿತ್ತು. ಯಜಮಾನ ಗಿರಾಕಿಯ ಕಾರಿನ ಕೀಲಿಯಿಂದ ಕಿವಿ ಕೆರೆದುಕೊಂಡು, ಅದನ್ನು ಅದೇ ಗಿರಾಕಿಯ ಸೀಟಿಗೆ ಒರೆಸುವವನು. ತಿಂದ ಕೈಯನ್ನು ಗೋಡೆಗೆ ಸವರುತ್ತಿದ್ದ. ಆ ಗೋಡೆಯ ಪಕ್ಕ ಮೆಟ್ಟಿಲು ಹತ್ತುವಾಗ ಮಹಡಿಯಮ್ಮ ಮೈಯನ್ನು ಕಡ್ಡಿ ಮಾಡಿಕೊಳ್ಳುತ್ತಿದ್ದಳು.

ಹಿಂದಿನ ಬೀದಿಯಲ್ಲಿ ಗಾಡಿಗಳ ತಪಾಸಣೆಯ ಮೈದಾನ. ಬಾಡಿಗೆಗೆ ಓಡುವ ಟ್ಯಾಕ್ಸಿ, ವ್ಯಾನುಗಳೆಲ್ಲ ವರ್ಷಕ್ಕೊಮ್ಮೆ ಅಲ್ಲಿ ನಿಂತು ದೀಪ, ಬ್ರೇಕು, ಹಾರನ್ನು ತೋರಿಸಿ ಪಾಸಾಗಬೇಕು. ಅವುಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಹಳೇ ಗಾಡಿಗಳು. ಎಲ್ಲಕ್ಕೂ ಒಂದೇ ಅಳತೆಯ ಹಿಂದಿನ ದೀಪ. ಮಹಡಿಯಮ್ಮನಿಗೆ ಅಕ್ಷರ ಕೂಡಿಸಿಕೊಂಡು ಓದುವಷ್ಟೇ ಬರುತ್ತಿತ್ತು. ಗಾಡಿಯ ಹಿಂದೆ ನಿಂತಾಗಲೆಲ್ಲ ನಂಬರ್ ಪ್ಲೇಟನ್ನು ತುಟಿ ಅಲ್ಲಾಡಿಸುತ್ತಾ ಓದುವುದು ಆಕೆಗೊಂದು ಚಾಳಿ. ಹಾಗೆ ಓದುತ್ತಿದ್ದಾಗ ಒಂದು ದಿನ ಮೂಗಿನ ಮೇಲೆ ಬೆರಳು ಬಂತು. ಎಡಗಡೆಯ ದೀಪದ ಮೂಲೆಯಲ್ಲಿ ಕಾಗೆಕಾಲಿನಂಥ ಬಿರುಕು. ಅದೇ ಬಿರುಕನ್ನು ಬೆಳಿಗ್ಗೆ ಹಸಿರು ಟ್ಯಾಕ್ಸಿಯಲ್ಲಿ ಕಂಡಿದ್ದಳು. ಹಿಂದಿನ ವಾರ ಬಿಳಿ ಟ್ಯಾಕ್ಸಿಯಲ್ಲಿ ಕಂಡಿದ್ದಳು. ನಂಬರು ಬೇರೆ, ಬಣ್ಣ ಬೇರೆ, ಬಿರುಕು ಮಾತ್ರ ಅದೇ.

"ಮೇಸ್ತ್ರಿ, ಈ ದೀಪಕ್ಕೆ ಕಾಲು ಬಂದಿದೆಯಾ? ಗಾಡಿಯಿಂದ ಗಾಡಿಗೆ ನಡ್ಕೊಂಡು ಹೋಗ್ತಿದೆ."

ಅವನು ಕೇಳಿಸದವನ ಹಾಗೆ ನಲ್ಲಿಗೆ ಹೋಗಿ ಕೈ ತೊಳೆಯತೊಡಗಿದ. ಆಕೆ ಕಾದಳು. ಕಾಯುವುದರಲ್ಲಿ ಆಕೆಯನ್ನು ಸೋಲಿಸಿದವರಿಲ್ಲ. ಕೊನೆಗೆ ಅವನೇ ತಿರುಗಿದ.

"ಬಾಡಿಗೆ ಜೋಡಿ ಅಮ್ಮಾ ಅದು. ನಮ್ಮ ಭಾವನ ತಲೆ. ತಪಾಸಣೆಗೆ ಹೋಗಿ ಬರೋವರೆಗೆ ಹಾಕಿ ಕೊಡೋದು, ಪಾಸಾಗಿ ಬಂದ ಮೇಲೆ ಬಿಚ್ಚಿ ಮೊಳೆಗೆ ನೇತು ಹಾಕೋದು. ಹೊಸದು ಕೊಳ್ಳೋದಕ್ಕಿಂತ ಅಗ್ಗ ಅಂತ ಕ್ಯೂ ನಿಲ್ತಾರೆ. ಮದುವೆಮನೆಗೆ ಎರವಲು ಸರ ಹಾಕ್ಕೊಂಡು ಹೋಗಲ್ವಾ, ಹಾಗೆ."

"ಎರವಲು ಸರ ಬಿಚ್ಚಿದ್ರೆ ಕತ್ತು ಬೋಳಾಗುತ್ತೆ ಅಷ್ಟೆ. ಇದನ್ನ ಬಿಚ್ಚಿದ ಮೇಲೆ ಹಿಂದೆ ಬರೋನಿಗೆ ಏನು ಕಾಣುತ್ತೆ?"

"ಏನೂ ಕಾಣಲ್ಲ."

"ಹಾಕೋನು ಯಾರು, ಬಿಚ್ಚೋನು ಯಾರು?"

"ನಾನೇ."

"ಇಲಿ ಕಂಡ್ರೆ ಥೂ ಅಂತೀಯ. ಇದಕ್ಕೆ ಅನ್ನಲ್ವಲ್ಲಪ್ಪಾ?"

ಅವನು ಒರೆಸಿಕೊಂಡಿದ್ದ ಕೈಯನ್ನು ಮತ್ತೆ ಒರೆಸಿಕೊಂಡ. "ಅನ್ನ ಹಾಕೋ ಮನೆ ಅಮ್ಮಾ" ಎಂದ ಮೆಲ್ಲಗೆ.

ಆಕೆಗೆ ಮೊದಲ ಸಲ ಅವನನ್ನು ಕಂಡು ಹೇಸಿಗೆಯಾಯಿತು. ಅವನ ಆ ಕೆಂಪಗೆ ತೊಳೆದ ಬೆರಳುಗಳೇ ಕಣ್ಣಿಗೆ ಜಿಡ್ಡಾಗಿ ಕಂಡವು. "ಆ ಜೋಡಿ ಹಾಕೋವಾಗ ನನ್ನ ಕರೀಬೇಡ" ಎಂದಷ್ಟೇ ಹೇಳಿ ಮೇಲೆ ಹತ್ತಿದಳು. ಅವನು ಕರೆಯಲಿಲ್ಲ. ಬೇರೆ ದೀಪಗಳಿಗೆ ಕರೆದ, ಆಕೆ ಬಂದಳು, "ಹತ್ತಿತು, ಇಲ್ಲ" ಎಂದಳು. ಮಾತು ಮಾತ್ರ ಅಳತೆಗಿಳಿಯಿತು. ಕೆಳಗೆ ಮೊಳೆಯಿಂದ ಜೋಡಿ ಇಳಿಸುವ ಸದ್ದಾದರೆ ಆಕೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಕಾರ್ಖಾನೆಯವರು ಹೆಂಗಸರನ್ನು ಕರೆದೊಯ್ಯಲು ಬೇರೆ ವ್ಯಾನು ಗೊತ್ತುಮಾಡಿದರು. ಮೇಸ್ತ್ರಿಯ ಹೆಂಡತಿ ದಿನಾ ಕತ್ತಲಾಗುವ ಹೊತ್ತಿಗೆ ಅದರಲ್ಲೇ ಬಂದು ಬೀದಿಯ ತುದಿಯಲ್ಲಿ ಇಳಿಯುತ್ತಿದ್ದಳು. "ಸೀಟಿನ ಸ್ಪ್ರಿಂಗು ಚುಚ್ಚುತ್ತೆ, ಕೊನೇ ಸೀಟಾದ್ರೆ ಸ್ವಲ್ಪ ಮೆತ್ತಗಿದೆ, ಅಲ್ಲೇ ಕೂರ್ತೀನಿ" ಎಂದಿದ್ದಳಂತೆ. ಆ ವ್ಯಾನಿನ ತಪಾಸಣೆಯ ದಿನವೂ ಬಂತು. ಡ್ರೈವರು ಬೆಳಿಗ್ಗೆ ಹೆಂಗಸರನ್ನು ಕಾರ್ಖಾನೆಗೆ ಬಿಟ್ಟು, ಖಾಲಿ ವ್ಯಾನನ್ನು ನೇರ ಯಜಮಾನನ ಬಾಗಿಲಿಗೆ ತಂದು ನಿಲ್ಲಿಸಿದ.

"ಜೋಡಿ ಬಿಡುವಾಗಿದೆಯಾ ಯಜಮಾನ್ರೇ?"

"ನಿನಗೇ ಅಂತ ಇಟ್ಟಿದೀನಿ. ಮೇಸ್ತ್ರೀ, ಬೇಗ ಹಾಕು."

ಮಹಡಿಯಮ್ಮ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಮೇಸ್ತ್ರಿ ವ್ಯಾನಿನ ಹಿಂದೆ ಕೂತ. ಎಡಗಡೆ ಕೆಂಪು ಗಾಜೇ ಇರಲಿಲ್ಲ. ಬಚ್ಚಲಿನ ಕೆಂಪು ಪ್ಲಾಸ್ಟಿಕ್ ಚೊಂಬನ್ನು ಕತ್ತರಿಸಿ ಅದರ ಚೂರನ್ನು ಟೇಪಿನಲ್ಲಿ ಅಂಟಿಸಿದ್ದರು. ಬಲಗಡೆಯ ಒಡಕಿನೊಳಗೆ ಬಲ್ಬಿಗೆ ಚಾಕಲೇಟಿನ ಕೆಂಪು ಕಾಗದ ಸುತ್ತಿತ್ತು. ಅದು ಕರಗಿ, ಸುಟ್ಟು, ಇರುವೆಗಳು ಅಂಟಿಕೊಂಡು, ಒಣಗಿದ ಗಾಯದ ಹಕ್ಕಳೆಯ ಹಾಗೆ ಕಾಣುತ್ತಿತ್ತು. ತಂತಿಗಳು ತುಕ್ಕು ತಿಂದು ಮುಟ್ಟಿದರೆ ಪುಡಿಯಾದವು. ಹಾಗಾದರೆ ಇಷ್ಟು ದಿನ ಈ ವ್ಯಾನಿನ ಹಿಂದೆ ಬೆಳಕೇ ಇರಲಿಲ್ಲ. ಆ ದೀಪಗಳಿಗೆ ತಾಗಿಕೊಂಡಂತಿದ್ದ ಕೊನೇ ಸೀಟಿನಲ್ಲೇ, ಬೆನ್ನಿಗೆ ಒಂದು ತಗಡಿನ ಬಾಗಿಲು ಬಿಟ್ಟರೆ ಏನೂ ಇಲ್ಲದೆ, ಅವಳು ಕೂರುತ್ತಿದ್ದಳು.

ಮೇಸ್ತ್ರಿ ಥೂ ಎನ್ನಲಿಲ್ಲ. ಚೊಂಬಿನ ಚೂರನ್ನು ಹಿಡಿದು ಯಜಮಾನನ ಮುಂದೆ ಬಂದು ನಿಂತ.

"ಭಾವಾ, ಇದಕ್ಕೆ ಹೊಸ ದೀಪ ಹಾಕಿಸಿ. ಇದರಲ್ಲಿ ನಿಮ್ಮ ತಂಗಿ ಓಡಾಡ್ತಾಳೆ."

ಯಜಮಾನ ಕಿವಿಯಿಂದ ಕೀಲಿ ತೆಗೆದು ಅದರ ತುದಿಯನ್ನು ನೋಡಿದ. "ಒಳಗೆ ತಾನೆ ಕೂರ್ತಾಳೆ, ಹಿಂದೆ ನೇತಾಡ್ತಾಳಾ? ವ್ಯಾನಿನ ಮಾಲೀಕ ಹೊಸದು ಬೇಡ ಅಂದ ಮೇಲೆ ನಿನಗ್ಯಾಕೆ ಹೊಟ್ಟೆನೋವು? ಹಾಕೋದು ಕಲಿತಿದೀಯ, ಬಿಚ್ಚೋದು ಕಲಿತಿದೀಯ, ಮಾತು ಕಲೀಬೇಡ."

ಡ್ರೈವರು ಹಲ್ಲು ಕಿರಿದ. "ದೇವರಿದಾನೆ ಬಿಡಿ ಮೇಸ್ತ್ರೀ."

"ಅವನಿಗಾದ್ರೂ ಕಾಣಬೇಕಲ್ಲಯ್ಯಾ ನಿನ್ನ ವ್ಯಾನು" ಎಂದ ಮೇಸ್ತ್ರಿ.

ಯಜಮಾನ ಊಟಕ್ಕೆ ಒಳಗೆ ಹೋದ. ಮೇಸ್ತ್ರಿ ಕೂತು ಹಳೇ ತಂತಿಯನ್ನೆಲ್ಲ ಕಿತ್ತೆಸೆದ. ಹೊಸ ತಂತಿ ಎಳೆದ. ಬಣ್ಣ ಕೆರೆದು ಬರಿಯ ಕಬ್ಬಿಣ ಕಾಣಿಸಿ ಅರ್ತ್ ಬಿಗಿದ. ಬಾಡಿಗೆ ಜೋಡಿಯನ್ನು ಮೊಳೆಯಿಂದ ಇಳಿಸಿದ. ಆದರೆ ಹಾಕುವ ಮೊದಲು, ಕಾರಿನ ಮುಂದಿನ ಗಾಜು ಕೂರಿಸುವ ಕಪ್ಪು ಅಂಟಿನ ಟ್ಯೂಬನ್ನು ತಂದು ದೀಪದ ಅಂಚಿಗೆಲ್ಲ ದಪ್ಪಗೆ ಹಿಂಡಿದ. ಆ ಅಂಟು ಒಮ್ಮೆ ಹಿಡಿಯಿತೆಂದರೆ ಗಾಜು ಒಡೆಯಬೇಕೇ ಹೊರತು ಬಿಡುವುದಿಲ್ಲ. ಸ್ಕ್ರೂ ಬಿಗಿದು, ಅವುಗಳ ತಲೆಯ ಗೀರನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ. ಆಮೇಲೆ ತಲೆ ಎತ್ತಿ ಕೂಗಿದ.

"ಅಮ್ಮಾ, ಬಿಡುವಾ?"

"ಆ ಜೋಡಿ ಅಲ್ವಾ ಅದು? ನಾನು ಬರಲ್ಲ ಅಂದಿದ್ದೆ."

"ಬಾಡಿಗೇದಾದ್ರೆ ತಾನೆ? ಇವತ್ತಿಂದ ಅಲ್ಲ. ಬನ್ನಿ."

ಆಕೆ ಒದ್ದೆ ಬಟ್ಟೆ ಬಕೆಟ್ಟಿಗೆ ಹಾಕಿ ಇಳಿದಳು. ಮಂದ ಬೆಳಕು ನೋಡಿದಳು, ಜೋರು ಬೆಳಕು ನೋಡಿದಳು, ಎಡ ಬಲ ಎರಡನ್ನೂ ಅಳೆದಳು. ಅಂಚಿನ ಕಪ್ಪು ಅಂಟನ್ನೂ, ನುಣ್ಣಗಾದ ಸ್ಕ್ರೂವನ್ನೂ ಕಂಡಳು. "ಎರಡೂ ಒಂದೇ ಸಮ ಇದೆ" ಎಂದಳು.

ವ್ಯಾನು ಪಾಸಾಯಿತು. ಡ್ರೈವರು ಹಿಂದಿರುಗಿ ಬಂದಾಗ ಯಜಮಾನನೇ ಸ್ಕ್ರೂಡ್ರೈವರ್ ಹಿಡಿದು ಕೂತ. ಮೊದಲ ಸ್ಕ್ರೂ ಜಾರಿತು, ಎರಡನೆಯದೂ ಜಾರಿತು. ದೀಪದ ಕೆಳಗೆ ಉಗುರು ತೂರಿಸಲು ನೋಡಿದ, ಉಗುರು ಮುರಿಯಿತು. ಅಂಟು ನೋಡಿ ಅವನ ಮುಖ ಕಪ್ಪಿಟ್ಟಿತು. ಅಷ್ಟು ಗಾಡಿಗಳಿಗೆ ಹೊಂದಿಸಿಟ್ಟ ಜೋಡಿ ಒಂದೇ ಗಾಡಿಯ ಪಾಲಾಗಿತ್ತು.

"ಯಾರಪ್ಪನ ಮನೆ ಸ್ವತ್ತು ಅಂತ ಅಂಟಿಸಿದೆಯೋ, ಉಂಡ ಮನೆಗೆ ಎರಡು ಬಗೆಯೋನೇ!"

"ನಿಮ್ಮ ತಂಗಿಯ ಪ್ರಾಣ ಅದರ ಮುಂದೆ ಕೂರುತ್ತೆ ಅಂತ ಅಂಟಿಸಿದೆ. ಬೇಕಾದ್ರೆ ಸುತ್ತಿಗೆ ತಗೊಂಡು ಒಡೀರಿ. ಒಡೆದ ಮೇಲೆ ಯಾರಿಗೆ ಬಾಡಿಗೆ ಕೊಡ್ತೀರಿ, ಅದೂ ನೋಡೋಣ."

"ನನಗೇನ್ರೀ, ನಾನು ಹೊರಟೆ. ಕಾರ್ಖಾನೆ ಬಿಡೋ ಹೊತ್ತಾಯ್ತು" ಎಂದು ಡ್ರೈವರು ಪುಕ್ಕಟೆ ಸಿಕ್ಕ ದೀಪ ಹೊತ್ತುಕೊಂಡು ಜಾಗ ಖಾಲಿ ಮಾಡಿದ.

ಭಾವ ಮೈದುನರ ಕೂಗಾಟ ನಿಲ್ಲಲಿಲ್ಲ. ಯಜಮಾನ ಹಿಂದಿನದನ್ನೆಲ್ಲ ಅಗೆದು ಅಗೆದು ಹಾಕಿದ. ಮೇಸ್ತ್ರಿ ಎಂದೂ ಇಲ್ಲದಂತೆ ತಿರುಗಿ ಬಿದ್ದ. ಬೀದಿಯವರು ಬಾಗಿಲಿಗೆ ಬಂದು ನಿಂತರು. ಅಷ್ಟರಲ್ಲಿ ವ್ಯಾನು ಬೀದಿಯ ತುದಿಗೆ ಬಂದು ಹೆಂಗಸರನ್ನು ಇಳಿಸಿತು. ಮೇಸ್ತ್ರಿಯ ಹೆಂಡತಿ ಊಟದ ಡಬ್ಬಿಯ ಚೀಲ ಹಿಡಿದು ನಡೆದು ಬಂದಳು. ಅವಳ ಹಿಂದೆ, ದೂರದಲ್ಲಿ, ವ್ಯಾನಿನ ಎರಡು ದೀಪಗಳು ಚೆನ್ನಾಗಿ ಕೆಂಪಗೆ ಉರಿಯುತ್ತಾ ತಿರುವಿನಲ್ಲಿ ಮರೆಯಾದವು. ಮೇಸ್ತ್ರಿ ಅದನ್ನು ನೋಡಿ, ಹೆಂಡತಿಯ ಮುಖ ನೋಡಿದ. ಏನೋ ಸಿಗುತ್ತದೆಂದು ಕೈ ಚಾಚಿದವನ ಹಾಗಿತ್ತು ಆ ನೋಟ.

ಯಜಮಾನ ತಂಗಿಯ ಮುಂದೆ ದೂರು ಹೇಳಿದ. ಬಾಡಿಗೆ ಜೋಡಿ ಅಂದ, ಇಷ್ಟು ವರ್ಷದಿಂದ ನಡೆಸಿದ ಕಸುಬು ಅಂದ, ನಿನ್ನ ಗಂಡನೇ ಹಾಕಿ ಬಿಚ್ಚಿದ್ದು ಅಂದ. ಆ ಕಸುಬಿನ ಸುದ್ದಿ ಅವಳ ಕಿವಿಗೆ ಅದೇ ಮೊದಲು ಬಿದ್ದದ್ದು ಎಂಬುದು ಮಹಡಿಯಮ್ಮನಿಗೆ ಮೆಟ್ಟಿಲ ಮೇಲಿನಿಂದಲೇ ಕಂಡಿತು. ಅವಳು ಅಣ್ಣನ ಕಡೆ ನೋಡಲೇ ಇಲ್ಲ. ಅವನಿಂದ ಬೇರೇನನ್ನೂ ನಿರೀಕ್ಷಿಸಿದವಳೇ ಅಲ್ಲ.

"ಹೌದಾ?" ಎಂದು ಗಂಡನನ್ನು ಕೇಳಿದಳು.

"ಹೌದು. ಆದ್ರೆ ಇವತ್ತು ನೋಡು, ನಿನ್ನ ವ್ಯಾನಿಗೆ..."

"ನನ್ನ ವ್ಯಾನಿಗೆ" ಎಂದಳು. "ಬೇರೆ ಗಾಡೀಲಿ ಕೂತೋರೂ ಯಾರಿಗೋ ಹೆಂಡತಿ, ಯಾರಿಗೋ ಅಕ್ಕತಂಗಿ ಅಲ್ವಾ? ಅವರ ಹಿಂದಿಂದ ಬಿಚ್ಚಿಕೊಂಡು ಬಂದು, ಕೈ ತೊಳ್ಕೊಂಡು, ನನ್ನ ಜೊತೆ ತಟ್ಟೆಗೆ ಕೂತ್ರಲ್ಲ ದಿನಾ! ನಮ್ಮಣ್ಣ ಕೈ ತೊಳೆಯೋದೇ ಇಲ್ಲ. ಅವನೇ ವಾಸಿ, ನೋಡಿದ ತಕ್ಷಣ ಗೊತ್ತಾಗುತ್ತೆ."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ಅಂಗಿ, ಪ್ಯಾಂಟುಗಳು ಮಡಿಚಿದ ಹಾಗೇ ಹೊರಗಿನ ಬೆಂಚಿನ ಮೇಲೆ ಬಂದು ಕೂತವು. ಎಸೆಯಲಿಲ್ಲ, ಜೋಡಿಸಿ ಇಟ್ಟಳು. ಬಾಗಿಲು ಹಾಕಿಕೊಂಡ ಸದ್ದೂ ಜೋರಾಗಿರಲಿಲ್ಲ.

ಅಂದು ಅವನು ಬೆಂಚಿನ ಮೇಲೆಯೇ ಮಲಗಿದ. ಬೆಳಿಗ್ಗೆ ಮಹಡಿಯಮ್ಮ ಒಂದು ಲೋಟ ಬಿಸಿ ಹಾಲು ಹಿಡಿದು ಇಳಿದಾಗ ಅವನು ಇಕ್ಕಳ, ಸ್ಕ್ರೂಡ್ರೈವರು, ಉಪ್ಪುಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದ. ಯಜಮಾನ ಹೊರಡೆಂದು ಹೇಳಿ ಆಗಿತ್ತು. ಊರಾಚೆ ಒಂದು ಶೆಡ್ಡಿದೆ, ಅಲ್ಲಿ ತನ್ನದೇ ಕೆಲಸ ಶುರು ಮಾಡುತ್ತೇನೆ, ಕಿತ್ತು ವಾಪಸು ಪಡೆಯುವ ದೀಪ ಮುಟ್ಟುವುದಿಲ್ಲ ಎಂದ. ಆಕೆ ಹೂಂ ಎಂದಳು. ಅವನು ಹಾಲು ಕುಡಿಯಲಿಲ್ಲ, ಲೋಟ ಹಿಡಿದುಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಕೈ ತೊಳೆದಿರಲಿಲ್ಲ, ಉಗುರಿನಂಚಿಗೆಲ್ಲ ಕಪ್ಪು ಅಂಟು ಹಾಗೇ ಮೆತ್ತಿಕೊಂಡಿತ್ತು. ಅವಳು ಕಾರ್ಖಾನೆಗೆ ಹೊರಟು ಬಾಗಿಲು ತೆರೆದಳು. ಇವರಿಬ್ಬರ ಪಕ್ಕದಲ್ಲೇ ಹಾದು ಹೋದಳು. ಹಾದುಹೋಗುವಾಗ ಗಂಡನ ಕೈಯನ್ನು ಒಮ್ಮೆ ನೋಡಿದಳು, ಮುಖವನ್ನು ಒಮ್ಮೆ ನೋಡಿದಳು, ನಡೆದಳು.

ಅವಳು ತಿರುವು ದಾಟುವವರೆಗೆ ಮೇಸ್ತ್ರಿ ಕಾದ. ಆಮೇಲೆ ಲೋಟವನ್ನು ಮೆಟ್ಟಿಲ ಮೇಲಿಟ್ಟು, ಚೀಲ ಹೆಗಲಿಗೇರಿಸಿ, ಮಹಡಿಯಮ್ಮನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಅಮ್ಮಾ, ನೀವೂ ಹೆಂಗಸು, ನೋಡಿದ್ದನ್ನ ನೋಡಿದ ಹಾಗೇ ಹೇಳೋರು. ಈಗ ಅವಳ ಮುಖದಲ್ಲಿ ಇದ್ದದ್ದು ಸಿಟ್ಟಾ? ಸಿಟ್ಟಾದ್ರೆ ಇವತ್ತಲ್ಲ ನಾಳೆ ಇಳಿಯುತ್ತೆ, ನಾನು ಕಾಯ್ತೀನಿ. ಇಲ್ಲಾ, ಹೇಸಿಗೆನಾ?"